ಮಾತು ಮಾಡುವ ಕೆಲಸ: ನಾಟಕವನ್ನು ತೆರೆಗೆ ತರುವಾಗ

(ಕಲಬುರಗಿಯ ರಂಗಾಸಕ್ತರು ಮತ್ತು ಕಿರುಚಿತ್ರ ಮಾಡುವ ತರುಣರ ಎದುರು ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಈ ಊರಿನ ರಂಗಮಂದಿರಕ್ಕೆ ಡಾ. ಎಸ್.ಎಂ. ಪಂಡಿತರ ಹೆಸರಿದೆ. ಪಂಡಿತರು ನಾಟಕದವರಲ್ಲ, ಚಿತ್ರಕಾರರು. ಕಲಬುರಗಿಯಿಂದ ಮುಂಬೈಗೆ ಹೋಗಿ ಸಿನಿಮಾ ಪೋಸ್ಟರುಗಳನ್ನು ಬರೆದು ಹೆಸರಾದವರು. ಮೂರು ತಾಸಿನ ಕಥೆಯನ್ನು ಒಂದು ಹಾಳೆಯ ಮೇಲೆ ಇಳಿಸಿ, ರಸ್ತೆಯಲ್ಲಿ ಹೋಗುವವನಿಗೆ ಕಣ್ಣಿನ ಮೂಲಕವೇ ಮುಟ್ಟಿಸುವುದು ಅವರ ಕಸುಬಾಗಿತ್ತು. ನಾಟಕವನ್ನು ತೆರೆಗೆ ತರುವವರು ಹಾಕಬೇಕಾದ ಲೆಕ್ಕವೂ ಇದೇ: ಕಿವಿಗೆ ಕೊಟ್ಟದ್ದರಲ್ಲಿ ಎಷ್ಟನ್ನು ಕಣ್ಣಿಗೆ ಒಪ್ಪಿಸಬೇಕು, ಯಾವುದನ್ನು ಒಪ್ಪಿಸಲೇಬಾರದು.

ನಾಟಕದಿಂದ ಬಂದ ಸಿನಿಮಾ ನೋಡಿ ಜನ ಸಾಮಾನ್ಯವಾಗಿ ಹೇಳುವ ಮಾತು, ‘ಇದು ಇನ್ನೂ ನಾಟಕದಂಗೇ ಅದ’. ಇದನ್ನು ಕೇಳಿ ಕೇಳಿ ಹೊಸಬರು ಎರಡು ಔಷಧ ಹುಡುಕಿಕೊಂಡಿದ್ದಾರೆ. ಒಂದು, ಮಾತನ್ನು ಅರ್ಧಕ್ಕೆ ಕತ್ತರಿಸುವುದು. ಇನ್ನೊಂದು, ಮನೆಯೊಳಗಿನ ದೃಶ್ಯವನ್ನು ಹೊಲಕ್ಕೋ ಕೆರೆ ದಂಡೆಗೋ ಒಯ್ಯುವುದು. ಎರಡೂ ರೋಗ ಗೊತ್ತಾಗುವ ಮೊದಲೇ ಕೊಟ್ಟ ಗುಳಿಗೆಗಳು. ಮಾತು ಹೆಚ್ಚಾಗಿದ್ದರಿಂದ ಸಿನಿಮಾ ಕೆಡುವುದಿಲ್ಲ. ರಂಗದ ಮೇಲೆ ಮಾತು ಹತ್ತು ಜನರ ಕೆಲಸ ಮಾಡುತ್ತದೆ. ಹೊತ್ತು ಹೇಳುತ್ತದೆ, ಜಾಗ ಕಟ್ಟುತ್ತದೆ, ಹಿಂದಿನ ಕಥೆ ತಿಳಿಸುತ್ತದೆ, ನೋಡುವವರ ಕಣ್ಣನ್ನು ಒಬ್ಬರಿಂದ ಇನ್ನೊಬ್ಬರಿಗೆ ತಿರುಗಿಸುತ್ತದೆ. ತೆರೆಯ ಮೇಲೆ ಇವುಗಳಲ್ಲಿ ಹಲವಕ್ಕೆ ಬೇರೆ ಆಳುಗಳಿದ್ದಾರೆ. ಆದ್ದರಿಂದ ಒಂದು ಮಾತು ಏನು ಕೆಲಸ ಮಾಡುತ್ತಿದೆ ಎಂದು ತಿಳಿಯುವವರೆಗೆ ಅದನ್ನು ಕತ್ತರಿಸಬಾರದು, ಉಳಿಸಲೂಬಾರದು.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ರಂಗದ ಮೇಲೆ ಒಂದು ಕಟ್ಟೆ, ಹಿಂದೆ ಬಾಗಿಲ ಚೌಕಟ್ಟು. ಗಂಡ ಬರುತ್ತಾನೆ. ಹೆಂಡತಿ ಹೇಳುತ್ತಾಳೆ:

“ಮುಂಜಾನಿ ಐದಕ್ಕೆದ್ದು ಐದು ಚೀಲ ತೊಗರಿ ಟಂಟಂನ್ಯಾಗ ಹೇರ್ಕೊಂಡು ಅಡತಿಗಿ ಹೋದವ್ರು, ಈಗ ದೀಪ ಹಚ್ಚೂ ಹೊತ್ತಾತು. ನಿಮ್ಮ ಮಾರಿ ನೋಡಿದ್ರೇ ತಿಳೀತದ, ಇವತ್ತೂ ರೇಟ್ ಬಂದಿಲ್ಲ. ನಾಳಿ ಸಾವ್ಕಾರ ಬಾಗಲಿಗಿ ಬಂದು ನಿಂತ್ರ ಏನ್ ಹೇಳ್ತೀರಿ?”

ಇಲ್ಲಿ ನಾಲ್ಕು ಕೆಲಸಗಳಿವೆ. ಸಂಜೆಯಾಗಿದೆ ಎಂಬುದು ಮೊದಲನೆಯದು. ಅವನು ಟಂಟಂನಲ್ಲಿ, ಅಂದರೆ ಸರಕಿನ ಆಟೋದಲ್ಲಿ, ಅಡತಿಗೆ, ಅಂದರೆ ದಲಾಲಿ ಅಂಗಡಿಗೆ, ತೊಗರಿ ಒಯ್ದಿದ್ದ ಎಂಬುದು ಎರಡನೆಯದು. ಮಾಲು ಮಾರಾಟವಾಗಲಿಲ್ಲ ಎಂಬುದು ಮೂರನೆಯದು. ಈ ಮೂರನ್ನೂ ತೆರೆಯ ಮೇಲೆ ಹತ್ತು ಸೆಕೆಂಡಿನಲ್ಲಿ ಮುಗಿಸಬಹುದು: ಓಣಿಯ ಕತ್ತಲಲ್ಲಿ ಟಂಟಂನ ದೀಪ, ಹಿಂದೆ ಹೊಲಿಗೆ ಬಿಚ್ಚದ ಐದು ಚೀಲ, ಮಾದರಿ ನೋಡಲು ಚುಚ್ಚಿದ ತೂತಿನಿಂದ ಉದುರುತ್ತಿರುವ ನಾಲ್ಕು ಕಾಳು. ಮಾಲು ನೋಡಿದ್ದಾರೆ, ಕೊಂಡಿಲ್ಲ. ನಾಲ್ಕನೆಯದು ಸಾಲದ ಪ್ರಶ್ನೆ. ಅದು ಬರೀ ಸುದ್ದಿಯಲ್ಲ. ಆ ಮಾತಿನಿಂದ ಅವಳು ಗಂಡನನ್ನು ಕಟ್ಟಿ ನಿಲ್ಲಿಸುತ್ತಾಳೆ. ಅವನು ಉತ್ತರ ಕೊಡಬೇಕು, ಇಲ್ಲವೇ ಸುಳ್ಳು ಹೇಳಬೇಕು, ಇಲ್ಲವೇ ಎದ್ದು ಹೋಗಬೇಕು. ಇದನ್ನು ಯಾವ ಚಿತ್ರವೂ ಮಾಡಲಾರದು. ಹಾಗಾಗಿ ಚಿತ್ರಕಥೆಯಲ್ಲಿ ಉಳಿಯುವ ಮಾತು ಒಂದೇ ಸಾಲು: “ನಾಳಿ ಸಾವ್ಕಾರಗ ಏನ್ ಹೇಳ್ತೀರಿ?”

ತಪ್ಪುವುದು ಎರಡು ರೀತಿಯಲ್ಲಿ. ಕೆಲವರು ಟಂಟಂ, ಚೀಲ, ಕತ್ತಲು ಎಲ್ಲವನ್ನೂ ತೋರಿಸಿ, ಮೇಲೆ ಆ ಮಾತುಗಳನ್ನೂ ಆಡಿಸುತ್ತಾರೆ. ಕಂಡದ್ದನ್ನೇ ಮತ್ತೆ ಕೇಳಿಸುವ ಈ ಇಮ್ಮಡಿ ಹೇಳಿಕೆಯೇ ‘ನಾಟಕದಂಗದ’ ಅನ್ನಿಸುವುದಕ್ಕೆ ದೊಡ್ಡ ಕಾರಣ. ಇನ್ನು ಕೆಲವರು ಮೌನ ಚೆಂದವೆಂದು ಕೊನೆಯ ಪ್ರಶ್ನೆಯನ್ನೂ ತೆಗೆದುಬಿಡುತ್ತಾರೆ. ಆಗ ದೃಶ್ಯದ ಬೆನ್ನುಮೂಳೆಯೇ ಹೋಗುತ್ತದೆ.

ಇಡೀ ನಾಟಕಕ್ಕೆ ಇದನ್ನು ಮಾಡುವ ವಿಧಾನ ಸರಳ, ಆದರೆ ತಾಳ್ಮೆ ಬೇಡುತ್ತದೆ. ನಾಟಕವನ್ನು ಎ4 ಹಾಳೆಯ ಒಂದೇ ಬದಿಗೆ, ಬಲಗಡೆ ಮೂರರಲ್ಲಿ ಒಂದು ಪಾಲು ಖಾಲಿ ಬಿಟ್ಟು ಮುದ್ರಿಸಿಕೊಳ್ಳಿ. ಪ್ರತಿ ಮಾತಿಗೂ ನಂಬರ್ ಕೊಡಿ. ನಾಲ್ಕು ಬಣ್ಣದ ಪೆನ್ಸಿಲ್ ಸಾಕು. ಹೊತ್ತು, ಜಾಗ ತಿಳಿಸುವ ಮಾತಿಗೆ ಹಸಿರು. ಹಿಂದೆ ನಡೆದದ್ದನ್ನು ತಿಳಿಸುವುದಕ್ಕೆ ನೀಲಿ. ಎದುರಿನವರನ್ನು ಅಲುಗಿಸುವ ಬೆದರಿಕೆ, ಬೇಡಿಕೆ, ಸುಳ್ಳು, ಒಪ್ಪಿಗೆಗಳಿಗೆ ಕೆಂಪು. ತನ್ನ ಮನಸ್ಸಿನಲ್ಲಿ ಏನಿದೆ ಎಂದು ಪಾತ್ರ ತಾನೇ ಹೇಳಿಕೊಳ್ಳುವುದಕ್ಕೆ ಹಳದಿ. ಯಾವ ಬಣ್ಣವೂ ಹತ್ತದೆ ಉಳಿಯುವ ಮಾತುಗಳಿರುತ್ತವೆ. ಅವು ಹೆಚ್ಚಾಗಿ ರಂಗದ ಅನುಕೂಲಕ್ಕೆ ಹುಟ್ಟಿದವು: ಒಬ್ಬ ನಟ ವೇಷ ಬದಲಿಸಿ ಬರುವವರೆಗೆ ಹೊತ್ತು ತುಂಬಿಸಲು, ಯಾರೋ ಒಳಗೆ ಹೋಗುವುದಕ್ಕೆ ನೆಪ ಕೊಡಲು. 80 ಪುಟದ ನಾಟಕಕ್ಕೆ ಇಷ್ಟು ಮಾಡಲು ಒಂದು ವಾರ ಬೇಕು. ಆ ವಾರವನ್ನು ಉಳಿಸಲು ಹೋದರೆ ಚಿತ್ರೀಕರಣದ ಜಾಗದಲ್ಲಿ, ನಲವತ್ತು ಜನ ಬಿಸಿಲಲ್ಲಿ ಕಾಯುತ್ತಿರುವಾಗ, ಅದೇ ಚರ್ಚೆ ನಡೆಯುತ್ತದೆ.

ಬಣ್ಣವಿಲ್ಲದ್ದು ಹೋಗಲಿ. ಹಸಿರಿನ ಬಹುಪಾಲನ್ನು ಮಾತಿನ ಬದಲು ಕಣ್ಣಿಗೇ ತೋರಿಸಿ. ಕೆಂಪು ಉಳಿಯಲಿ. ಕಷ್ಟವಿರುವುದು ನೀಲಿಯಲ್ಲಿ.

ಹಿಂದಿನ ಘಟನೆಯನ್ನು ಪಾತ್ರ ಹೇಳುವಾಗ ಕೈ ತಾನಾಗಿಯೇ ಫ್ಲ್ಯಾಶ್‌ಬ್ಯಾಕ್ ಎಂದು ಬರೆದುಬಿಡುತ್ತದೆ. ಒಂದು ಕ್ಷಣ ತಡೆಯಿರಿ. ಅತ್ತೆ ಸತ್ತ ರಾತ್ರಿಯ ಕಥೆಯನ್ನು ಸೊಸೆ ಹೇಳಿದಾಗ, ಆ ರಾತ್ರಿ ಸೊಸೆಯ ಬಣ್ಣದಲ್ಲೇ ನಮ್ಮ ಮನಸ್ಸಿಗೆ ಬರುತ್ತದೆ. ಅವಳು ಏನನ್ನೋ ಮುಚ್ಚಿಡುತ್ತಿರಬಹುದು ಎಂಬ ಅನುಮಾನವೂ ಜೊತೆಗೇ ಬರುತ್ತದೆ. ಅದನ್ನೇ ಕ್ಯಾಮೆರಾ ತೋರಿಸಿದರೆ ನೋಡುವವರು ಅದನ್ನು ನಡೆದ ಸಂಗತಿಯೆಂದೇ ನಂಬುತ್ತಾರೆ, ಅನುಮಾನ ಸತ್ತುಹೋಗುತ್ತದೆ. ಹೇಳುವವರು ನಂಬಿಕಸ್ಥರು ಹೌದೋ ಅಲ್ಲವೋ ಎಂಬುದರ ಮೇಲೆ ನಾಟಕ ನಿಂತಿದ್ದರೆ ಫ್ಲ್ಯಾಶ್‌ಬ್ಯಾಕ್ ಬೇಡ. ಕೇಳುವವರ ಮುಖದ ಮೇಲೆ ಕ್ಯಾಮೆರಾ ಇಡಿ. ಸೊಸೆಯ ದನಿ, ಗಂಡನ ಮುಖ. ಖರ್ಚೂ ಕಡಿಮೆ, ಬಿಗಿಯೂ ಹೆಚ್ಚು.

ಹಳದಿಯಲ್ಲಿ ಮುಖ್ಯವಾದದ್ದು ಸ್ವಗತ. ರಂಗದ ಮೇಲೆ ಸ್ವಗತಕ್ಕೆ ಕೇಳುಗರಿದ್ದಾರೆ: ಎದುರು ಕೂತ ಐನೂರು ಜನ. ಕ್ಯಾಮೆರಾದ ಮುಂದೆ ಆ ಕೇಳುಗರಿಲ್ಲ. ಹಿನ್ನೆಲೆ ದನಿಯಾಗಿ ಹಾಕಿದರೆ ನಟನ ಮುಖಕ್ಕೆ ಕೆಲಸವಿಲ್ಲದಂತಾಗುತ್ತದೆ. ಮೂರು ನಿಮಿಷ ಅವನು ಕಿಟಕಿಯ ಹೊರಗೆ ನೋಡುತ್ತಾ ನಿಲ್ಲುತ್ತಾನೆ. ಇದಕ್ಕಿಂತ ಒಳ್ಳೆಯದು, ಉತ್ತರ ಕೊಡಲಾಗದ ಕೇಳುಗರನ್ನು ಹುಡುಕುವುದು: ಮಲಗಿದ ಮಗು, ಕಿವಿ ಕೇಳದ ಮುತ್ಯಾ, ಕೊಟ್ಟಿಗೆಯ ಎತ್ತು. ಅದೂ ಹೊಂದದಿದ್ದರೆ ಸ್ವಗತದ ಕೊನೆಯ ನಿರ್ಧಾರವೇನು ನೋಡಿ; ಆ ನಿರ್ಧಾರಕ್ಕೆ ಕೈ ಮಾಡುವ ಒಂದು ಕೆಲಸ ಕೊಡಿ. ನೇರ ಕ್ಯಾಮೆರಾಕ್ಕೆ ಹೇಳಿಸುವುದೂ ಒಂದು ದಾರಿ. ಆದರೆ ಚಿತ್ರದ ಮೊದಲ ಐದು ನಿಮಿಷದಲ್ಲೇ ಅದನ್ನು ರೂಢಿ ಮಾಡಿಸಬೇಕು. ಮಧ್ಯದಲ್ಲಿ ಒಮ್ಮೆಲೇ ಬಂದರೆ ತಪ್ಪಿ ಕ್ಯಾಮೆರಾ ನೋಡಿದಂತೆ ಕಾಣುತ್ತದೆ.

ಕಂಪನಿ ನಾಟಕಗಳ ವಿಷಯ ಬೇರೆಯೇ ಇದೆ. ಶರಣಬಸವೇಶ್ವರ ಜಾತ್ರೆಯಂಥ ಜಾತ್ರೆಗಳಲ್ಲಿ ಟೆಂಟ್ ಹಾಕುವ ಕಂಪನಿಗಳ ನಾಟಕ ನೋಡಿದವರಿಗೆ ಗೊತ್ತು: ಗಂಭೀರ ದೃಶ್ಯ ಮುಗಿದೊಡನೆ ಮುಂದಿನ ಪರದೆ ಇಳಿಯುತ್ತದೆ, ಅದರ ಮುಂದೆ ಹಾಸ್ಯದ ಜೋಡಿ ಬರುತ್ತದೆ. ಆ ಹಾಸ್ಯ ಹುಟ್ಟಿದ್ದು ಜನರನ್ನು ನಗಿಸಲಿಕ್ಕಷ್ಟೇ ಅಲ್ಲ. ಪರದೆಯ ಹಿಂದೆ ಅರಮನೆ ಬಿಚ್ಚಿ ಅಡವಿ ಕಟ್ಟಲು ಹೊತ್ತು ಬೇಕಿತ್ತು. ಸಿನಿಮಾಕ್ಕೆ ಆ ಹೊತ್ತು ಬೇಕಿಲ್ಲ. ಹಾಗೆಂದು ಹಾಸ್ಯವನ್ನು ಪೂರ್ತಿ ಕಿತ್ತರೆ ಕಥೆ ಒಂದೇ ಸಮ ಭಾರವಾಗುತ್ತದೆ. ಏಕೆಂದರೆ ಒಳ್ಳೆಯ ಕಂಪನಿ ಕವಿಗಳು ಆ ಜಾಗದಲ್ಲಿ ಇನ್ನೊಂದು ಕೆಲಸವನ್ನೂ ಮಾಡಿಸಿದ್ದಾರೆ: ಒಡೆಯರ ಮನೆಯ ಸಂಕಟವನ್ನೇ ಆಳುಮಕ್ಕಳು ತಮ್ಮ ಮಾತಿನಲ್ಲಿ ಆಡಿಕೊಳ್ಳುತ್ತಾರೆ. ಆ ಮಾತುಗಳನ್ನು ಹೆಕ್ಕಿ, ಅಡುಗೆಮನೆಯಲ್ಲೋ ಬಾವಿಕಟ್ಟೆಯಲ್ಲೋ ಮುಖ್ಯ ಕಥೆಯೊಳಗೇ ಹೆಣೆಯಬೇಕು. ಹಾರ್ಮೋನಿಯಂ ಮೇಲಿನ ರಂಗಗೀತೆಗಳಿಗೂ ಇದೇ ಪರೀಕ್ಷೆ. ಹಾಡು ಮುಗಿದಾಗ ಪಾತ್ರ ಹಾಡಿನ ಆರಂಭದಲ್ಲಿ ಇದ್ದಲ್ಲೇ ಇದ್ದರೆ ಆ ಹಾಡು ಒಂದು ಚರಣಕ್ಕೆ ಇಳಿಯಲಿ.

ನಾಟಕಕಾರ ಪ್ರೇಕ್ಷಕರ ಜೊತೆ ಮಾಡಿಕೊಂಡ ಒಪ್ಪಂದಗಳು ಮುರಿಯುವುದು ಇನ್ನೊಂದು ತೊಡಕು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಆರಂಭದಲ್ಲಿ ಊರ ಮನೆಗಳ ದೀಪದ ಜ್ವಾಲೆಗಳು ಪಾಳುಗುಡಿಗೆ ಬಂದು ಮಾತಾಡುತ್ತವೆ. ರಂಗದ ಮೇಲೆ ನಟಿಯರು ಬಂದು ‘ನಾವು ಜ್ವಾಲೆಗಳು’ ಎಂದರೆ ನಾವು ಒಪ್ಪುತ್ತೇವೆ. ಕ್ಯಾಮೆರಾ ಎದುರು ಅದೇ ನಟಿಯರು ದೀಪ ಹಿಡಿದ ಹೆಂಗಸರಾಗಿಬಿಡುತ್ತಾರೆ. ಹಾವಾದ ನಾಗಪ್ಪ, ನಾಯಕಿಯ ಗಂಡ ಅಪ್ಪಣ್ಣನ ರೂಪ ತಾಳುವುದೂ ಹಾಗೆಯೇ. 1997ರಲ್ಲಿ ಟಿ.ಎಸ್. ನಾಗಾಭರಣರು ಮಾಡಿದ ಚಿತ್ರದಲ್ಲಿ ಪ್ರಕಾಶ್ ರೈ ಎರಡನ್ನೂ ಅಭಿನಯಿಸಿದರು. ರಂಗದ ಮೇಲೆ ಒಂದೇ ಮೈ ನಮ್ಮ ಕಣ್ಣೆದುರೇ, ನಡಿಗೆ ಬದಲಿಸಿ ಇನ್ನೊಬ್ಬನಾಗುತ್ತದೆ, ಅದರ ಸೊಗಸೇ ಅಲ್ಲಿದೆ. ಸಿನಿಮಾದಲ್ಲಿ ಒಂದು ಕಟ್ ಹಾಕಿದರೆ ಯಾರು ಯಾರಾದರೂ ಆಗಬಹುದು. ಸುಲಭವಾದಷ್ಟೂ ಬೆರಗು ಕಡಿಮೆ. ಇಂಥ ರೂಪಾಂತರವನ್ನು ಕಟ್ ಇಲ್ಲದ ಒಂದೇ ಶಾಟ್‌ನಲ್ಲಿ ನಟನ ಮೈಗೇ ಒಪ್ಪಿಸುವುದು ಮೇಲು.

ಹೊರಗೆ ಒಯ್ಯುವ ಆಸೆಯ ಬಗ್ಗೆ ಒಂದು ಮಾತು. ಒಂದೇ ಪಡಸಾಲೆಯಲ್ಲಿ ನಡೆಯುವ ನಾಟಕದ ಶಕ್ತಿ, ಯಾರೂ ಅಲ್ಲಿಂದ ಹೊರಗೆ ಹೋಗಲಾಗುವುದಿಲ್ಲ ಎಂಬುದರಲ್ಲಿದೆ. ಅಣ್ಣತಮ್ಮಂದಿರ ಆಸ್ತಿ ಜಗಳವನ್ನು ಬಯಲಿಗೆ ಒಯ್ದರೆ ಒಬ್ಬ ಸುಮ್ಮನೆ ನಡೆದು ಹೋಗಬಹುದು. ಒಳಗೇ ಇದ್ದು ಸಿನಿಮಾ ಮಾಡಬಹುದು. ಟಿವಿಗೆಂದು ಬರೆದ ನಾಟಕದಿಂದ 1957ರಲ್ಲಿ ಸಿಡ್ನಿ ಲುಮೆಟ್ ಮಾಡಿದ ‘12 ಆಂಗ್ರಿ ಮೆನ್’ ಬಹುತೇಕ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಲುಮೆಟ್ ಆರಂಭದಲ್ಲಿ ಕ್ಯಾಮೆರಾವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿಟ್ಟು, ನಡುವೆ ಕಣ್ಣಿನ ಮಟ್ಟಕ್ಕೆ ತಂದು, ಕೊನೆಗೆ ಕೆಳಗಿಳಿಸಿದರು. ಜೊತೆಗೆ ಹೆಚ್ಚು ಹೆಚ್ಚು ಉದ್ದದ, ಅಂದರೆ ಎಂ.ಎಂ. ಸಂಖ್ಯೆ ದೊಡ್ಡದಿರುವ, ಲೆನ್ಸ್ ಬಳಸಿದರು. ಗೋಡೆಗಳು ಹತ್ತಿರ ಬಂದಂತೆ, ಸೂರು ತಲೆಯ ಮೇಲೆ ಕೂತಂತೆ ಕಾಣುತ್ತದೆ. ನಮ್ಮ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ತಗ್ಗಿನ ಸೂರು ತಾನಾಗಿಯೇ ಇದೆ. ಹತ್ತಡಿಗೆ ಹನ್ನೆರಡಡಿಯ ಕೋಣೆಯಲ್ಲಿ ಇಡೀ ಜಾಗ ಹಿಡಿಯಲು 24 ಅಥವಾ 28 ಎಂ.ಎಂ. ಲೆನ್ಸ್ ಬೇಕಾಗುತ್ತದೆ, ಆದರೆ ಅದರಲ್ಲಿ ಮುಖದ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ಮುಖಕ್ಕೆ 50 ಅಥವಾ 85 ಇಟ್ಟುಕೊಳ್ಳಿ, ಬಾಗಿಲ ಆಚೆಯಿಂದ ತೆಗೆಯಿರಿ.

ಜಾಗದ ಆಯ್ಕೆಯಲ್ಲಿ ನಮ್ಮ ಭಾಗದಲ್ಲಿ ಆಗುವ ತಪ್ಪುಗಳನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಂಗದ ಮೇಲೆ ಒಂದು ಪೀಠವಿಟ್ಟು ‘ಇದು ಬಿಜ್ಜಳನ ಓಲಗ’ ಎಂದರೆ ಆಯಿತು. ಕ್ಯಾಮೆರಾ ಕಲ್ಲು ಕೇಳುತ್ತದೆ. ಆಗ ಹತ್ತಿರದ ಬೀದರ ಕೋಟೆ ನೆನಪಾಗುತ್ತದೆ. ಕಲ್ಯಾಣದ ಶರಣರ ಕಾಲ 12ನೇ ಶತಮಾನ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ. ಬೀದರ ಅದರ ರಾಜಧಾನಿಯಾದದ್ದು 15ನೇ ಶತಮಾನದಲ್ಲಿ. ಕಮಾನು, ಗುಮ್ಮಟ, ಬಣ್ಣದ ಹೆಂಚು ಬಸವಣ್ಣನವರ ಹಿಂದೆ ಕಂಡರೆ ಮುನ್ನೂರು ವರ್ಷ ತಪ್ಪಿದಂತೆ. ಕಂಬ ಮತ್ತು ತೊಲೆಯ ಕಟ್ಟಡ ಬೇಕು. ಹುಮನಾಬಾದ ಕಡೆಯ ಜಲಸಂಗ್ವಿ, ಬಸವಕಲ್ಯಾಣದ ಪಕ್ಕದ ನಾರಾಯಣಪುರದ ಗುಡಿಗಳು ಕಲ್ಯಾಣ ಚಾಲುಕ್ಯರ ಶೈಲಿಯವು. ಅಲ್ಲಿ ಹೋಗಿ ಕಂಬದ ಅಳತೆ, ಕೆತ್ತನೆ ನೋಡಿಕೊಂಡು ಸೆಟ್ ಹಾಕುವುದು ಒಳ್ಳೆಯದು. ಬೀದರ, ಕಲಬುರಗಿ ಕೋಟೆಗಳು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ವ್ಯಾಪ್ತಿಯಲ್ಲಿವೆ. ಚಿತ್ರೀಕರಣಕ್ಕೆ ಮೊದಲೇ ಲಿಖಿತ ಅನುಮತಿ ಬೇಕು, ಡ್ರೋನ್‌ಗೆ ಬೇರೆಯೇ.

ಗಿಡಗಳೂ ಸುಳ್ಳು ಹೇಳಿಬಿಡುತ್ತವೆ. ನಮ್ಮ ಬೀಳು ಭೂಮಿಯ ತುಂಬ ಹಬ್ಬಿರುವ ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. ಭಾರತಕ್ಕೆ ಬಂದದ್ದು 19ನೇ ಶತಮಾನದಲ್ಲಿ. ಶರಣರ ನಾಟಕದಲ್ಲಿ ದಾಸೋಹದ ಪಂಕ್ತಿಯಲ್ಲಿ ಜೋಳದ ರೊಟ್ಟಿ ಇರಲಿ, ಪಕ್ಕದಲ್ಲಿ ಕೆಂಪು ಖಾರ, ಶೇಂಗಾ ಹಿಂಡಿ ಇರಬಾರದು. ಮೆಣಸಿನಕಾಯಿ, ಶೇಂಗಾ ಎರಡೂ ಪೋರ್ಚುಗೀಸರು ಬಂದ ಮೇಲೆ ಬಂದವು. ಸಾಮಾಜಿಕ ನಾಟಕವಾದರೆ ಮಣ್ಣಿನ ಬಣ್ಣ ನೋಡಿ. ಬೀದರ ಸುತ್ತಿನದು ಕೆಂಪು ಜಂಬಿಟ್ಟಿಗೆ ನೆಲ, ಕಲಬುರಗಿ ಕಡೆ ಎರೆ ಭೂಮಿ. ಒಂದೇ ಊರೆಂದು ಹೇಳಿ ಅರ್ಧ ಅಲ್ಲಿ, ಅರ್ಧ ಇಲ್ಲಿ ತೆಗೆದರೆ ನಟನ ಕಾಲಿನ ಧೂಳೇ ಬದಲಾಗುತ್ತದೆ. ತೊಗರಿ ಹೊಲ ಬೇಕಿದ್ದರೆ ಹೂವು ಅಕ್ಟೋಬರ್ ಕೊನೆಯಿಂದ ನವೆಂಬರ್, ಕೊಯ್ಲು ಡಿಸೆಂಬರ್ ಜನವರಿ. ಎರೆ ಭೂಮಿಯಲ್ಲಿ ಒಂದು ಮಳೆ ಬಿದ್ದರೆ ಜನರೇಟರ್ ಗಾಡಿ ಎರಡು ದಿನ ಅಲುಗುವುದಿಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊರಾಂಗಣಕ್ಕೆ ಸಿಗುವುದು ಬೆಳಿಗ್ಗೆ 6ರಿಂದ 9, ಸಂಜೆ 4.30ರಿಂದ 6.30 ಮಾತ್ರ.

ಧ್ವನಿಯಲ್ಲಿ ನಾಟಕದವರು ಹೆಚ್ಚು ಸೋಲುತ್ತಾರೆ. ನಮ್ಮ ಮನೆಗಳ ನೆಲ ಶಹಾಬಾದ ಕಲ್ಲಿನದು. ತಂಪು ಕೊಡುತ್ತದೆ, ಆದರೆ ದನಿಯನ್ನು ಹಿಂದಕ್ಕೆ ಎಸೆಯುತ್ತದೆ. ಕ್ಯಾಮೆರಾಕ್ಕೆ ಕಾಣದ ನೆಲದ ಮೇಲೆ, ಹಿಂದಿನ ಗೋಡೆಯ ಮೇಲೆ ದಪ್ಪ ಕೌದಿಗಳನ್ನು ಹಾಸಿ, ನೇತುಹಾಕಿ. ಎಂಟು ಹತ್ತು ಕೌದಿಗಳಿಂದ ಒಂದು ಕೋಣೆಯ ಗುಂಯ್‌ಗುಡುವಿಕೆ ಬಹಳ ತಗ್ಗುತ್ತದೆ. ಶಾಟ್ ನಡೆಯುವಾಗ ಫ್ಯಾನ್, ಫ್ರಿಜ್ ಬಂದ್. ಪ್ರತಿ ಜಾಗದಲ್ಲಿ ಎಲ್ಲರೂ ಸುಮ್ಮನೆ ನಿಂತು ಒಂದು ನಿಮಿಷ ಖಾಲಿ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ; ಸಂಕಲನದಲ್ಲಿ ಮಾತಿನ ನಡುವಿನ ತೂತು ಮುಚ್ಚುವುದು ಅದೇ. ಕಾಲರ್ ಮೈಕ್ ರೇಷ್ಮೆ ಸೀರೆಯ ಕೆಳಗೆ ಸರಸರ ಎನ್ನುತ್ತದೆ, ಇಳಕಲ್ ಹತ್ತಿ ಸೀರೆಯಲ್ಲಿ ಆ ತೊಂದರೆ ಕಡಿಮೆ. ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 24 ಫ್ರೇಮಿನಲ್ಲಿ ಚಿತ್ರೀಕರಿಸುವಾಗ ಶಟರ್ 1/50 ಸೆಕೆಂಡ್, ಅಂದರೆ ಶಟರ್ ಕೋನ 172.8 ಡಿಗ್ರಿ ಇಡಿ. ಇಲ್ಲದಿದ್ದರೆ ಟ್ಯೂಬ್‌ಲೈಟ್ ಬೆಳಕು ತೆರೆಯ ಮೇಲೆ ಮಿಣುಕಬಹುದು.

ಇನ್ನು ನಟರು. ರಂಗನಟನ ಅತಿ ಅಭಿನಯವೆಂದು ದೂರುವುದು ಅನ್ಯಾಯ. ಕೊನೆಯ ಸಾಲಿಗೆ ಮುಟ್ಟಿಸಬೇಕೆಂದು ಅವನು ವರ್ಷಗಟ್ಟಲೆ ಕಲಿತದ್ದು ಅದು. ತಿದ್ದಬೇಕಾದದ್ದು ದೂರದ ಅಳತೆ. ಶಾಟ್‌ಗೆ ಮೊದಲು ಲೆನ್ಸ್ ಯಾವುದು, ಚೌಕಟ್ಟು ಮೈಯಲ್ಲಿ ಎಲ್ಲಿಗೆ ಕತ್ತರಿಸುತ್ತದೆ ಎಂದು ಹೇಳಿ. ಎದೆಯವರೆಗಿನ ಶಾಟ್ ಎಂದು ಗೊತ್ತಾದರೆ ಒಳ್ಳೆಯ ನಟ ಕೈಯ ಕೆಲಸವನ್ನು ತಾನೇ ಕಣ್ಣಿಗೆ ತರುತ್ತಾನೆ. ಎರಡನೆಯದು, ಮುಖ ತೆರೆದು ನಿಲ್ಲುವ ರೂಢಿ. ಪ್ರೇಕ್ಷಕರಿಗೆ ಕಾಣಲೆಂದು ಇಬ್ಬರೂ ಅರ್ಧ ಮುಂದಕ್ಕೆ ತಿರುಗಿ ಮಾತಾಡುತ್ತಾರೆ. ಕ್ಯಾಮೆರಾದಲ್ಲಿ ಅದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದವರಂತೆ ಕಾಣುತ್ತದೆ. ಹಳೆಯ ಚಲನೆಗಳನ್ನು ಪೂರ್ತಿ ಬಿಟ್ಟು, ನಾಲ್ಕು ಗೋಡೆಗಳ ನಡುವೆ ಹೊಸದಾಗಿ ಚಲನೆ ಕಟ್ಟಬೇಕು. ಮೂರನೆಯದು, ನಗುವಿಗಾಗಿ ಬಿಡುವ ಬಿಡುವು. ನೂರು ಪ್ರಯೋಗ ಆಡಿದ ನಟ ಪ್ರತಿ ಚಟಾಕಿಯ ನಂತರ ಎರಡು ಸೆಕೆಂಡ್ ನಿಲ್ಲುತ್ತಾನೆ. ತೆರೆಯ ಮೇಲೆ ಅದು ಮಾತು ಮರೆತಂತೆ ಕಾಣುತ್ತದೆ.

ಇವೆಲ್ಲಕ್ಕಿಂತ ಹಟಮಾರಿ ತೊಂದರೆ ಹಳೆಯ ಮಾತು. ನಾಲಿಗೆಯ ಮೇಲೆ ಕೂತ ನಾಟಕದ ಸಾಲು, ಹೊಸ ಸಾಲನ್ನು ತಳ್ಳಿ ಹೊರಗೆ ಬರುತ್ತದೆ. ಬದಲಾದ ದೃಶ್ಯಗಳನ್ನು ಬೇರೆ ಬಣ್ಣದ ಹಾಳೆಯಲ್ಲಿ ಕೊಡಿ. ತಾಲೀಮಿನಲ್ಲಿ, ನಾಟಕದಲ್ಲಿ ನಿಲ್ಲುತ್ತಿದ್ದ ಜಾಗ ಬಿಟ್ಟು, ಏನಾದರೂ ಕೈಕೆಲಸ ಮಾಡುತ್ತಾ, ಕಾಳು ಆರಿಸುತ್ತಲೋ ಬಟ್ಟೆ ಮಡಚುತ್ತಲೋ, ಆಡಿಸಿ. ಮೈಯ ನೆನಪು ಬದಲಾದರೆ ಮಾತಿನ ನೆನಪೂ ಬದಲಾಗುತ್ತದೆ. ಚಿತ್ರೀಕರಣ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲ, ಆದ್ದರಿಂದ ಹೊಸ ರೂಪವನ್ನು ಒಂದು ಸಲವಾದರೂ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಆಡಿಸಿಯೇ ಕ್ಯಾಮೆರಾ ಮುಟ್ಟಬೇಕು. ಭಾಷೆಯಲ್ಲಿಯೂ ಒಂದು ತೀರ್ಮಾನ ಬೇಕು. ರಾಜ್ಯದ ಎಲ್ಲ ಕಡೆ ಆಡಲೆಂದು ಅರ್ಧ ಗ್ರಂಥಸ್ಥ ಮಾಡಿದ ಮಾತು ಕಲಬುರಗಿಯ ನಿಜವಾದ ಓಣಿಯಲ್ಲಿ ನಿಲ್ಲುವುದಿಲ್ಲ. ‘ಏನ್ ಮಾಡ್ಲಿಕತ್ತಿ’ ಅನ್ನುವವಳು ಮುಂದಿನ ದೃಶ್ಯದಲ್ಲಿ ‘ಏನು ಮಾಡುತ್ತಿದ್ದೀಯ’ ಎನ್ನಬಾರದು. ಓಣಿಯಲ್ಲಿ ದಖನಿ ಉರ್ದು ಬೆರೆತಿದ್ದರೆ ಮಾತಿನಲ್ಲೂ ಬೆರೆಯಲಿ.

ದಿನಗಳ ಲೆಕ್ಕ. ಹನ್ನೆರಡು ತಾಸಿನ ದಿನದಲ್ಲಿ ಊಟ, ಮೇಕಪ್, ಸಾಮಾನು ಇಳಿಸುವುದು ಕಳೆದರೆ ಎಂಟು ತಾಸು ಉಳಿಯುತ್ತದೆ. ಒಂದು ಶಾಟ್‌ಗೆ ಅರ್ಧ ತಾಸು ಹಿಡಿದರೆ ದಿನಕ್ಕೆ 16 ಶಾಟ್. ಜಾಗ ಬದಲಿಸಿದರೆ ಎರಡು ಮೂರು ತಾಸು ಹೋಯಿತು, ಅಂದರೆ ಐದು ಶಾಟ್ ಹೋಯಿತು. ಮೂರು ದೃಶ್ಯಸ್ಥಳದ ನಾಟಕವನ್ನು ಹದಿನೈದು ಜಾಗಕ್ಕೆ ಹರಡುವ ಮೊದಲು ಈ ಗುಣಾಕಾರ ಮಾಡಿ.

ಹಕ್ಕಿನ ಕಾಗದ ಇವೆಲ್ಲಕ್ಕೂ ಮೊದಲು. ಪ್ರದರ್ಶನಕ್ಕೆ ಕೊಟ್ಟ ಅನುಮತಿ ಸಿನಿಮಾಕ್ಕೆ ಆಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ಬೇರೆ ಷರತ್ತು ಇಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದಾಗ ಅದು ಬಿದ್ದುಹೋಗುತ್ತದೆ. ಹಣ ಹೊಂದಿಸಲು ಎರಡು ವರ್ಷ ಬೇಕಾಗುವ ನಮ್ಮಂಥ ಊರುಗಳಲ್ಲಿ ಈ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಲೇಖಕರ ಕಾಲಾನಂತರ 60 ವರ್ಷ ಹಕ್ಕು ವಾರಸುದಾರರದು. ಅನುವಾದಿತ ನಾಟಕವಾದರೆ ಮೂಲ ಲೇಖಕರದೂ ಅನುವಾದಕರದೂ ಎರಡೂ ಸಹಿ ಬೇಕು. ರಂಗಗೀತೆ ಬರೆದವರು, ರಾಗ ಹಾಕಿದವರು ಬೇರೆಯಾಗಿದ್ದರೆ ಅವರದೂ.

ಮೊದಲ ಸಂಕಲನ ಮುಗಿದ ದಿನ ಎರಡು ಸಲ ನೋಡಿ. ಒಮ್ಮೆ ದನಿ ಬಂದ್ ಮಾಡಿ ನೋಡಿ. ಒಮ್ಮೆ ಪರದೆಗೆ ಬಟ್ಟೆ ಹೊದಿಸಿ ಕೇಳಿ. ಬರೀ ಕೇಳಿದಾಗಲೇ ಕಥೆ ಪೂರ್ತಿ ತಿಳಿದ ನಿಮಿಷಗಳನ್ನು ಕಾಗದದ ಮೇಲೆ ಗುರುತು ಹಾಕಿ, ಆ ಬಣ್ಣದ ಪೆನ್ಸಿಲ್ ಹಾಳೆಗಳನ್ನು ಮತ್ತೆ ತೆಗೆದು ಪಕ್ಕದಲ್ಲಿಡಿ. ಅಲ್ಲಿ ಯಾವ ಹಸಿರು ಸಾಲು ಕತ್ತರಿಯಿಂದ ತಪ್ಪಿಸಿಕೊಂಡಿದೆ ಎಂಬುದು ಸಿಗುತ್ತದೆ.